ಗರ್ಭಸ್ಥ ಶಿಶುವಿನ ಕುಶಲವಾರ್ತೆ

ತಾಯಿಯ ಗರ್ಭದಲ್ಲಿರುವ ಶಿಶು ಕ್ಷೇಮವಾಗಿದೆಯೆ ಎಂಬುದನ್ನು ಹೊರಗಿನಿಂದ ತಿಳಿಯುವುದೆಂತು? 1960 ಮತ್ತು 1970ರ ದಶಕಗಳಲ್ಲಿ ವೈದ್ಯರು ಈ ಪ್ರಶ್ನೆಗೆ ತಾಯಿಯ ಮೂತ್ರದಲ್ಲಿ ಉತ್ತರವನ್ನು ಅರಸಿದರು.

ಗರ್ಭಿಣಿಯರ ಮೂತ್ರದಿಂದ ಈಸ್ಟ್ರಿಯಾಲ್ ಎಂಬ ಹಾರ್ಮೋನನ್ನು 1930ರಲ್ಲಿ ಬ್ರಿಟನ್ನಿನ ಗೈ ಮೇರಿಯನ್ ಎಂಬ ವಿಜ್ಞಾನಿಯು ಬೇರ್ಪಡಿಸಿದ್ದನು. ಇದು ಸಿದ್ಧವಾಗುವ ಕ್ರಮ ಕುತೂಹಲಕರವಾದುದು. ಇದರ ಮೂಲದ್ರವ್ಯವು ಬಹುಮಟ್ಟಿಗೆ ಶಿಶುವಿನ ಅಡ್ರಿನಲ್ ಗ್ರಂಥಿಗಳಲ್ಲಿ ಹುಟ್ಟಿ, ಶಿಶುವಿನ ಯಕೃತ್ತಿನಲ್ಲಿ ಮಾರ್ಪಟ್ಟು, ಕೊನೆಗೆ ಮಾಸಿನಲ್ಲಿ ಈಸ್ಟ್ರಿಯಾಲ್ ಆಗುತ್ತದೆ. ಅನಂತರ ತಾಯಿಯ ರಕ್ತವನ್ನು ಸೇರಿ ಮೂತ್ರದೊಡನೆ ಹೊರಬೀಳುತ್ತದೆ. ಶಿಶುವಾಗಲಿ ಮಾಸಾಗಲಿ ಸೊರಗಿದರೆ ಇದರ ಪ್ರಮಾಣ ಕುಗ್ಗಬೇಕಷ್ಟೆ. ಆದುದರಿಂದ ಗರ್ಭದ ಕೊನೆಯ ವಾರಗಳಲ್ಲಿ 24 ಗಂಟೆಗಳ ಮೂತ್ರವನ್ನು ಸಂಗ್ರಹಿಸಿ, ಅದರಲ್ಲಿನ ಈಸ್ಟ್ರಿಯಾಲನ್ನು ಮತ್ತೆ ಮತ್ತೆ ಅಳೆಯುತ್ತಿದ್ದರು.

ಆದರೆ ಅಳತೆ ಬೇರೆ, ಅದರ ಅರ್ಥ ಬೇರೆ. ಒಂದು ಸಲದ ಮೂತ್ರ ಸಂಗ್ರಹದಿಂದ ತಪ್ಪಿಹೋದರೂ ಅಂಕಿ ಇಳಿಯುತ್ತದೆ. ತಾಯಿಯು ಆಂಪಿಸಿಲಿನ್ ಔಷಧವನ್ನು ಸೇವಿಸುತ್ತಿದ್ದರೂ ಇಳಿಯುತ್ತದೆ. ಮಾಸಿನಲ್ಲಿ ಸಲ್ಫಟೇಸ್ ಎಂಬ ಕಿಣ್ವವಿಲ್ಲದಿದ್ದರಂತೂ, ಶಿಶು ಚೆನ್ನಾಗಿಯೇ ಇದ್ದರೂ ಈಸ್ಟ್ರಿಯಾಲ್ ಅತ್ಯಲ್ಪವಾಗಿರುತ್ತದೆ. ಇಂಥ ಅಂಕಿಗೆ ಹೆದರಿ ಅವಧಿಗೆ ಮುನ್ನವೇ ಹೆರಿಗೆ ಮಾಡಿಸಿದರೆ, ಶ್ವಾಸಕೋಶಗಳಿನ್ನೂ ಬಲಿಯದ ಶಿಶುವು ಉಸಿರಿಗಾಗಿ ಹೋರಾಡಬೇಕಾದೀತು!

ಇಂದು ಶ್ರವಣಾತೀತ ಧ್ವನಿಯ ನೆರವಿನಿಂದ ಶಿಶುವಿನ ಹೃದಯದ ಬಡಿತವನ್ನೂ ಹೊಕ್ಕುಳಬಳ್ಳಿಯಲ್ಲಿ ರಕ್ತ ಹರಿಯುವ ಬಗೆಯನ್ನೂ ನೇರವಾಗಿ ಅರಿಯಬಹುದು. ಆದುದರಿಂದ ಈ ಕಾರ್ಯದಲ್ಲಿ ಈಸ್ಟ್ರಿಯಾಲ್ ಪರೀಕ್ಷೆಯು ಹಿಂದೆ ಸರಿದಿದೆ. ಯಾವ ಅಂಕಿಯನ್ನೇ ಆಗಲಿ ನಂಬುವ ಮುನ್ನ, ಅದು ಎಷ್ಟು ಬಾಗಿಲುಗಳನ್ನು ದಾಟಿ ನಮ್ಮ ಕೈಸೇರಿತೆಂದು ವಿಚಾರಿಸುವುದು ವಿವೇಕ.