ಕಾಂಗೋ ನಾಡಿನಲ್ಲಿ ಶಾಂತಿಪಡೆ

‘ತಟಸ್ಥ’ನೆಂದರೆ ದಡದಲ್ಲಿ ನಿಂತವನು. ಪ್ರವಾಹದ ನಡುವಿಗೇ ಇಳಿದ ಸೈನ್ಯವು ತಟಸ್ಥವಾಗಿರುವುದೆಂತು? ಕಾಂಗೋದಲ್ಲಿ ವಿಶ್ವಸಂಸ್ಥೆಗೆ ಎದುರಾದ ಪ್ರಶ್ನೆ ಇದೇ.

1960ರ ಜೂನ್ 30ರಂದು ಆ ದೇಶ ಬೆಲ್ಜಿಯಮ್ಮಿನಿಂದ ಸ್ವತಂತ್ರವಾಯಿತು. ಹನ್ನೊಂದೇ ದಿನಗಳಲ್ಲಿ ತಾಮ್ರದ ಗಣಿಗಳುಳ್ಳ ಕಟಾಂಗಾ ಪ್ರಾಂತ್ಯವು ಬೆಲ್ಜಿಯಮ್ಮಿನ ಬೆಂಬಲದಿಂದ ಬೇರ್ಪಟ್ಟಿತು. ಅದನ್ನು ಅಡಗಿಸಲು ಪ್ರಧಾನಿ ಲುಮುಂಬಾ ಶಾಂತಿಪಡೆಯ ನೆರವು ಬೇಡಿದರು. ಒಳಜಗಳದಲ್ಲಿ ಪಕ್ಷ ವಹಿಸಲಾಗದೆಂದು ಮಹಾಕಾರ್ಯದರ್ಶಿ ಹ್ಯಾಮರ್‌ಷೋಲ್ಡ್ ನಿರಾಕರಿಸಿದರು. ನಿಯಮಕ್ಕೆ ಅದು ಸರಿಯೇ; ಫಲ ಮಾತ್ರ ದೊರೆತುದು ಬೇರ್ಪಟ್ಟವರಿಗೆ. ಪದಚ್ಯುತರಾದ ಲುಮುಂಬಾ 1961ರ ಜನವರಿ 17ರಂದು ಕಟಾಂಗಾದಲ್ಲಿಯೇ ಹತರಾದರು.

ಫೆಬ್ರವರಿ 21ರಂದು ಭದ್ರತಾ ಮಂಡಲಿಯು ಅಂತರ್ಯುದ್ಧವನ್ನು ತಡೆಯಲು, ಕಡೆಯ ಉಪಾಯವಾಗಿ, ಬಲಪ್ರಯೋಗಕ್ಕೆ ಸಮ್ಮತಿಸಿತು. ಆ ಬಳಿಕವೇ ನೆಹರೂ ಅವರು ಭಾರತದ ಒಂದು ಬ್ರಿಗೇಡನ್ನು ಕಳುಹಿಸಿದರು. ಆಗ ಭೂಸೇನೆಯ ಮುಖ್ಯಸ್ಥರಾಗಿದ್ದವರು ನಮ್ಮ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ. ಡಿಸೆಂಬರ್ 5ರಂದು ಎಲಿಜಬೆತ್‌ವಿಲ್ ನಗರದ ಕಾಳಗದಲ್ಲಿ ಮಡಿದ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ಸಂದಿತು. ಕಟಾಂಗಾ ಮಣಿದುದು 1963ರ ಜನವರಿಯಲ್ಲಿ.

ಈ ಬಲಪ್ರಯೋಗಕ್ಕೆ ಹಲವು ರಾಷ್ಟ್ರಗಳು ಅಳುಕಿದವು. 1964ರಲ್ಲಿ ಗ್ರೀಕರೂ ತುರ್ಕರೂ ಕಾದಾಡುತ್ತಿದ್ದ ಸೈಪ್ರಸ್ ದ್ವೀಪದ ಶಾಂತಿಪಡೆಗೆ ತಿಮ್ಮಯ್ಯನವರು ದಂಡನಾಯಕರಾದಾಗ, ಆತ್ಮರಕ್ಷಣೆಗಲ್ಲದೆ ಆಯುಧವೆತ್ತುವ ಅಧಿಕಾರ ಆ ಪಡೆಗಿರಲಿಲ್ಲ. 1965ರ ಡಿಸೆಂಬರ್ 18ರಂದು, ಆ ಹೊಣೆ ಹೊತ್ತಿರುವಾಗಲೇ, ಅವರು ಅಲ್ಲಿ ನಿಧನರಾದರು.