ಗಜನಿ: ಉಪ್ಪುನೀರಿನ ಅಂಚಿನ ಬೇಸಾಯ

ಶಿರಸಿ ಸೀಮೆಯ ಕಾಡಿನಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕುಮಟಾ–ಗೋಕರ್ಣಗಳ ನಡುವೆ ಕಡಲು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಮಳೆಗಾಲದಲ್ಲಿ ಘಟ್ಟದ ನೀರು ಮಣ್ಣು, ತರಗೆಲೆಗಳ ಸಮೇತ ಅಳಿವೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಉಬ್ಬರದ ಜತೆ ಕಡಲಿನ ನೀರು ಬಲು ದೂರ ಒಳಕ್ಕೆ ಬರುತ್ತದೆ. ಒಂದೇ ಜಾಗದಲ್ಲಿ ಆರು ತಿಂಗಳು ಸಿಹಿ, ಆರು ತಿಂಗಳು ಉಪ್ಪು. ಇಂಥ ತಗ್ಗುನೆಲಕ್ಕೆ ಮಣ್ಣಿನ ಕಟ್ಟೆ ಹಾಕಿ ಜನ ಮಾಡಿಕೊಂಡ ಗದ್ದೆಯೇ ಗಜನಿ.

ಮಳೆ ಹಿಡಿದ ಮೇಲೆ ಹೊಳೆಯ ನೀರು ನೆಲದ ಉಪ್ಪನ್ನು ತೊಳೆಯುವವರೆಗೆ ರೈತ ಕಾಯುತ್ತಾನೆ. ಆಮೇಲೆ ಮೊಳಕೆ ಬಂದ ಕಗ್ಗದ ಬೀಜ ಕೆಸರಿಗೆ ಬೀಳುತ್ತದೆ. ಕಗ್ಗ ಈ ನೆಲಕ್ಕೇ ಹೇಳಿ ಮಾಡಿಸಿದ ಭತ್ತ: ಎತ್ತರಕ್ಕೆ ಬೆಳೆಯುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ, ನೀರಿನಲ್ಲಿ ತುಸು ಉಪ್ಪಿದ್ದರೂ ತಾಳಿಕೊಳ್ಳುತ್ತದೆ. ಗೊಬ್ಬರ ಹಾಕುವವರಿಲ್ಲ, ಔಷಧಿ ಹೊಡೆಯುವವರಿಲ್ಲ. ಹೊಳೆ ತಂದ ಗೋಡುಮಣ್ಣೇ ಸಾಕು. ಇಳುವರಿ ಕಡಿಮೆ, ನಿಜ. ಆದರೆ ಬೇರಾವ ಭತ್ತವೂ ಬದುಕದ ನೆಲದಲ್ಲಿ ಅದು ಸಿಗುತ್ತದೆ.

ಕೊಯ್ಲಿನಲ್ಲಿಯೇ ಈ ಬೇಸಾಯದ ಜಾಣ್ಮೆ ಇರುವುದು. ತೆನೆ ಇರುವ ಮೇಲ್ಭಾಗವನ್ನಷ್ಟೇ ಕೊಯ್ದು, ಉದ್ದನೆಯ ಕೂಳೆಯನ್ನು ನೀರಿನಲ್ಲೇ ಬಿಡುತ್ತಾರೆ. ಬಳಿಕ ತೂಬಿನ ಹಲಗೆ ತೆಗೆದು ಉಬ್ಬರದ ನೀರನ್ನು ಒಳಗೆ ಬಿಡುತ್ತಾರೆ. ನೀರಿನ ಜತೆ ಮೀನುಮರಿ, ಸಿಗಡಿ, ಏಡಿ ಎಲ್ಲ ಬರುತ್ತವೆ. ಕೊಳೆಯುತ್ತಿರುವ ಕೂಳೆ, ಅದರ ಮೇಲೆ ಹುಟ್ಟುವ ಪಾಚಿ ಮತ್ತು ಹುಳುಗಳು ಅವಕ್ಕೆ ಆಹಾರ. ಇಳಿತದ ಹೊತ್ತಿಗೆ ತೂಬಿನ ಬಾಯಿಗೆ ಬಲೆ ಕಟ್ಟಿದರೆ ದೊಡ್ಡ ಮೀನು ಬಲೆಗೆ ಬೀಳುತ್ತದೆ, ಸಣ್ಣದು ಕಣ್ಣಿನಿಂದ ನುಸುಳಿ ಹೊಳೆ ಸೇರುತ್ತದೆ. ಮೀನು ಹಾಕಿದ ಹಿಕ್ಕೆ ಮುಂದಿನ ಕಗ್ಗಕ್ಕೆ ಗೊಬ್ಬರ. ಹೀಗೆ ಭತ್ತದ ಗದ್ದೆಯೇ ಹೊಳೆಯ ಮೀನಿಗೆ ತೊಟ್ಟಿಲಾಗುತ್ತದೆ. ಗದ್ದೆಯೇ ಇಲ್ಲದ ಅಂಬಿಗರ, ಹರಿಕಂತ್ರರ ಬಲೆಗೂ ಅದರ ಪಾಲು ಸಲ್ಲುತ್ತದೆ.

ಕಟ್ಟೆಯ ಹೊರಗೆ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ಅಲೆಯ ಹೊಡೆತ ತಡೆದು ಮಣ್ಣಿನ ಕಟ್ಟೆಯನ್ನು ಉಳಿಸುವುದು ಅವುಗಳ ಬೇರು. ಆ ಬೇರುಗಳ ಸಂದಿಯಲ್ಲೂ ಮೀನು ಮರಿಮಾಡುತ್ತದೆ. ಇನ್ನೂ ಆಚೆ, ಇಳಿತದಲ್ಲಿ ತೆರೆದುಕೊಳ್ಳುವ ಮರಳುದಿಬ್ಬಗಳ ಅಂಚಿನಲ್ಲಿ ಹೆಂಗಸರು ಸೊಂಟಮಟ್ಟ ನೀರಿನಲ್ಲಿ ನಿಂತು, ಕಾಲಿನಿಂದ ತಡವಿ, ಕೈಯಿಂದ ಕೆದಕಿ ಬಳಚು ಎಂಬ ಚಿಪ್ಪುಜೀವಿಯನ್ನು ತೆಗೆಯುತ್ತಾರೆ. ಬಂಡವಾಳ ಒಂದು ಬುಟ್ಟಿಯಷ್ಟೇ. ದೋಣಿ, ಬಲೆ, ಜಮೀನು ಯಾವುದೂ ಇಲ್ಲದ ಮನೆಯ ಒಲೆ ಇದರಿಂದ ಉರಿಯುತ್ತದೆ.

ಬಳಚಿಗೆ ಬೇಕಾದದ್ದು ಹದವಾದ ಉಪ್ಪು. ಆ ಹದ ತಪ್ಪಿದರೆ ಏನಾಗುತ್ತದೆಂದು ತಿಳಿಯಲು ದೂರ ಹೋಗಬೇಕಿಲ್ಲ, ಪಕ್ಕದ ಹೊನ್ನಾವರಕ್ಕೆ ಬಂದರೆ ಸಾಕು. ಅಲ್ಲಿ ಕಡಲು ಸೇರುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಗೇರುಸೊಪ್ಪೆಯಲ್ಲಿ ಇನ್ನೊಂದು. ವಿದ್ಯುತ್ ಉತ್ಪಾದನೆಗಾಗಿ ವರ್ಷವಿಡೀ ಬಿಡುವ ನೀರಿನಿಂದ ಬೇಸಿಗೆಯಲ್ಲೂ ಅಳಿವೆ ಸಪ್ಪೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಎರಡೂ ಅಳಿವೆಗಳನ್ನು ಹೋಲಿಸಿ ನೋಡಿದಾಗ ಶರಾವತಿಯಲ್ಲಿ ಬಳಚಿನಂಥ ಚಿಪ್ಪುಜೀವಿಗಳು ಬಹುಮಟ್ಟಿಗೆ ಅಳಿದಿರುವುದೂ ಮೀನಿನ ಜಾತಿಗಳು ಕಡಿಮೆಯಾಗಿರುವುದೂ ಕಂಡಿತು. ಹೊಳೆಯಲ್ಲಿ ನೀರಿಗೆ ಬರವಿರಲಿಲ್ಲ, ಆ ನೀರಿಗೆ ಋತು ಇಲ್ಲದಂತಾಗಿತ್ತು. ಈ ಮಾತನ್ನು ನದಿ ತಿರುಗಿಸುವ ಯೋಜನೆ ಬರೆಯುವವರು ಕೇಳಿಸಿಕೊಳ್ಳಲೇಬೇಕು. ಕಡಲಿಗೆ ಹರಿಯುವ ನೀರು ದಂಡ ಎನ್ನುವ ಲೆಕ್ಕದಲ್ಲಿ ಬಳಚು ತೆಗೆಯುವವಳ ಕೂಲಿ ಸೇರಿರುವುದೇ ಇಲ್ಲ.

ಅಘನಾಶಿನಿಯ ಗಜನಿಗೂ ಪೆಟ್ಟು ಬಿದ್ದಿದೆ, ಆದರೆ ಬೇರೆ ದಿಕ್ಕಿನಿಂದ. ಹಿಂದೆ ಮಣ್ಣಿನ ಕಟ್ಟೆಯನ್ನು ಪ್ರತಿವರ್ಷ ಊರವರೇ ಕೂಡಿ ರಿಪೇರಿ ಮಾಡುತ್ತಿದ್ದರು. 1970ರ ದಶಕದಲ್ಲಿ ಸರ್ಕಾರ ಕಾಯಂ ಕಟ್ಟೆಗಳನ್ನು ಕಟ್ಟಿಸಿತು. ಅನುಕೂಲವೇನೋ ಆಯಿತು, ಆದರೆ ಒಟ್ಟಾಗಿ ದುಡಿಯುವ ರೂಢಿ ಸಡಿಲವಾಯಿತು. 1990ರ ದಶಕದ ಆರಂಭದಲ್ಲಿ ಸಿಗಡಿಗೆ ವಿದೇಶದಲ್ಲಿ ಬೆಲೆ ಬಂದಾಗ ಎಷ್ಟೋ ಗಜನಿಗಳು ಗುತ್ತಿಗೆಗೆ ಹೋದವು, ಭತ್ತದ ಕಾಲದಲ್ಲೂ ಉಪ್ಪುನೀರು ಒಳಗೇ ನಿಂತಿತು. ಆ ದಶಕದ ನಡುವಿಗೆ ಬಿಳಿಚುಕ್ಕೆ ರೋಗ ದೇಶದ ಸಿಗಡಿ ಕೊಳಗಳನ್ನು ಬಡಿಯಿತು. 1996ರ ಡಿಸೆಂಬರ್‌ನಲ್ಲಿ ಕರಾವಳಿಯ ಸಿಗಡಿ ಕೃಷಿಗೆ ಸುಪ್ರೀಂ ಕೋರ್ಟ್ ಕಡಿವಾಣ ಹಾಕಿತು. ಅಷ್ಟರಲ್ಲಿ ಅನೇಕ ಮನೆಗಳಲ್ಲಿ ಕಗ್ಗದ ಬೀಜವೇ ಉಳಿದಿರಲಿಲ್ಲ. ಮಾಣಿಕಟ್ಟಾದಂಥ ಕೆಲವು ಊರುಗಳ ರೈತರು ಬೀಜ ಬಿಡದೆ ಹಿಡಿದುಕೊಂಡದ್ದರಿಂದ ತಳಿ ಇವತ್ತಿಗೂ ಇದೆ.

ಬೆಳೆ ನಿಂತರೆ ಹೊಲ ತಾನಾಗಿ ಕಾಡಾಗುತ್ತದೆ, ಪ್ರಕೃತಿಗೆ ಒಳ್ಳೆಯದೇ ಎಂದು ತೋರಬಹುದು. ಗಜನಿಯಲ್ಲಿ ಹಾಗಾಗುವುದಿಲ್ಲ. ಬಿತ್ತುವವರಿಲ್ಲದೆ ಕೂಳೆ ಇಲ್ಲ, ಕೂಳೆ ಇಲ್ಲದೆ ಮೀನುಮರಿಗೆ ಆ ಮೇವಿಲ್ಲ, ಕಾಳು ಹುಡುಕಿ ಬರುವ ಹಕ್ಕಿಗೆ ಕಾಳಿಲ್ಲ. ಜನರ ದುಡಿಮೆಯೂ ಈ ಜೀವಜಾಲದ ಒಂದು ಎಳೆ ಎಂದೇ ನಾನು ತಿಳಿದಿದ್ದೇನೆ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲದ, ಮನ್ನಣೆ ಸಿಕ್ಕಿತು. ಸಂತೋಷದ ಸಂಗತಿ. ಇನ್ನು ಅಲ್ಲಿಗೆ ಬರೆಯುವ ರಕ್ಷಣಾ ಯೋಜನೆಯಲ್ಲಿ ಹಕ್ಕಿ, ಕಾಂಡ್ಲಾಗಳ ಪಟ್ಟಿಯ ಜತೆಗೆ ಒಡೆದ ಕಟ್ಟೆ ಕಟ್ಟುವವರ ಕೂಲಿ, ಕಗ್ಗದ ಅಕ್ಕಿಗೆ ನ್ಯಾಯವಾದ ಬೆಲೆ, ಬಳಚಿನ ದಿಬ್ಬಗಳ ಮೇಲೆ ಹೆಂಗಸರಿಗಿರುವ ರೂಢಿಯ ಹಕ್ಕು ಇವೂ ಇರಬೇಕು. ಕಟ್ಟೆಯ ರಿಪೇರಿಗೆ ಮಳೆಗೆ ಮುಂಚಿನ ಕೆಲವು ವಾರಗಳಷ್ಟೇ ಅವಕಾಶ. ಹಣ ಆ ಹೊತ್ತಿಗೆ ಊರು ತಲುಪದಿದ್ದರೆ ಆ ವರ್ಷದ ಬಿತ್ತನೆ ಹೋದಂತೆಯೇ.