ಕಾರಿನ ಎಕ್ಸ್‌ಟೆಂಡೆಡ್ ವಾರಂಟಿ: ರೊಕ್ಕ ಕಟ್ಟುವ ಮೊದಲು ಕಿಲೋಮೀಟರ್ ಲೆಕ್ಕ ಹಾಕ್ರಿ

ನವಲಗುಂದ: ಹೊಸ ಕಾರು ಬುಕ್ ಮಾಡಲು ಹುಬ್ಬಳ್ಳಿಯ ಶೋರೂಮಿಗೆ ಹೋದವರ ಕೈಗೆ ಮೊದಲು ಬರುವುದು ಕೊಟೇಶನ್. ಕಾರಿನ ದರ, ರಸ್ತೆ ತೆರಿಗೆ, ವಿಮೆ, ಫಾಸ್ಟ್ಯಾಗ್ ಎಲ್ಲ ಮುಗಿದ ಮೇಲೆ ಕೆಳಗೆ ಇನ್ನೊಂದು ಸಾಲು ಇರುತ್ತದೆ: ಎಕ್ಸ್‌ಟೆಂಡೆಡ್ ವಾರಂಟಿ. ಇದೇನು ಅಂತ ಕೇಳಿದರೆ ‘ಹಾಕಿಸಿಬಿಡ್ರಿ ಸರ್, ಆರು ವರ್ಷ ಚಿಂತಿ ಇಲ್ಲ’ ಎಂಬ ಉತ್ತರ ಸಿಗುತ್ತದೆ. ಸಾಲದ ಕಂತಿನಲ್ಲೇ ಸೇರಿ ಹೋಗುವುದರಿಂದ ಬಹಳ ಮಂದಿ ಮುಂದೆ ಕೇಳುವುದೂ ಇಲ್ಲ. ಆದರೆ ಈ ರಕ್ಷಣೆ ಎಷ್ಟು ದಿನ ಇರುತ್ತದೆ ಅನ್ನೋದನ್ನ ಕ್ಯಾಲೆಂಡರ್ ಅಷ್ಟೇ ಅಲ್ಲ, ಕಾರಿನ ಮೀಟರ್ ಕೂಡ ತೀರ್ಮಾನಿಸುತ್ತದೆ.

ಕಡ್ಡಾಯ ಯಾವುದು, ಐಚ್ಛಿಕ ಯಾವುದು?

ವಿಮೆ ಬೇರೆ, ವಾರಂಟಿ ಬೇರೆ. ಅಪಘಾತ, ಕಳವು, ಪ್ರವಾಹಕ್ಕೆ ವಿಮೆ ಬೇಕು. ಕಾರಿನ ಭಾಗದಲ್ಲೇ ತಯಾರಿಕೆಯ ದೋಷವಿದ್ದು ಕೆಟ್ಟರೆ ಅದು ವಾರಂಟಿಗೆ ಬರುತ್ತದೆ. ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರ್‌ನಿಂದ ಕಡ್ಡಾಯವಾಗಿದೆ. ಎಕ್ಸ್‌ಟೆಂಡೆಡ್ ವಾರಂಟಿಯನ್ನು ಯಾವ ಕಾನೂನೂ ಕಡ್ಡಾಯ ಮಾಡಿಲ್ಲ. ಬೇಡ ಅನ್ನಿಸಿದರೆ ಆ ಸಾಲು ತೆಗೆಸಿ ಹೊಸ ಕೊಟೇಶನ್ ಕೇಳಬಹುದು. ಸಾಲದಲ್ಲಿ ಸೇರಿಸಿದರೆ ಅದಕ್ಕೂ ಬಡ್ಡಿ ಬೀಳುತ್ತದೆ ಅನ್ನೋದು ನೆನಪಿರಲಿ.

ಮೊದಲ ದಿನವೇ ತಗೋಬೇಕು ಅಂತಲೂ ಇಲ್ಲ. ಬಹುತೇಕ ಕಂಪನಿಗಳು ಮೂಲ ವಾರಂಟಿ ಮುಗಿಯುವುದರೊಳಗೆ ಖರೀದಿಸಲು ಅವಕಾಶ ಕೊಡುತ್ತವೆ. ಆದರೆ ತಡವಾದಷ್ಟೂ ದರ ಏರುತ್ತದೆ. ಮುಗಿದ ಮೇಲೆ ಹೋದರೆ ಸಿಗುವುದು ಕಷ್ಟ.

‘ಯಾವುದು ಮೊದಲೋ ಅದು’

ವಾರಂಟಿ ಕಾಗದದ ಮುಖ್ಯ ಮಾತು ಇದು. ಮಾರುತಿ ಸುಜುಕಿ 2024ರ ಜುಲೈನಲ್ಲಿ ಮೂಲ ವಾರಂಟಿಯನ್ನು 2 ವರ್ಷ ಅಥವಾ 40 ಸಾವಿರ ಕಿ.ಮೀ.ನಿಂದ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ಹಣ ಕಟ್ಟಿ ಇದನ್ನು 6 ವರ್ಷ ಅಥವಾ 1.6 ಲಕ್ಷ ಕಿ.ಮೀ.ವರೆಗೆ ವಿಸ್ತರಿಸಬಹುದು. ವರ್ಷ ಮತ್ತು ಕಿ.ಮೀ. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಖಲಾಸ್.

ಈ ಲೆಕ್ಕವನ್ನು ನಮ್ಮ ಕಡೆಯ ಓಡಾಟಕ್ಕೆ ಹಾಕಿ ನೋಡಿದರೆ ಹೀಗಾಗುತ್ತದೆ:

• ನವಲಗುಂದದಿಂದ ಹುಬ್ಬಳ್ಳಿಗೆ ಹೋಗಿ ಬಂದರೆ ಸುಮಾರು 70 ಕಿ.ಮೀ. ಅಂಗಡಿ ಮಾಲು ತರಲು ವಾರಕ್ಕೆ ಮೂರು ಸಲ ಹೋಗುವವರ ಕಾರು ವರ್ಷಕ್ಕೆ 11 ಸಾವಿರ ಕಿ.ಮೀ. ಹತ್ತಿರ ಓಡುತ್ತದೆ. 6 ವರ್ಷಕ್ಕೂ 66 ಸಾವಿರ ದಾಟುವುದಿಲ್ಲ. ಇವರಿಗೆ ಪೂರ್ತಿ 6 ವರ್ಷ ಸಿಗುತ್ತದೆ.

• ವರ್ಷಕ್ಕೆ 300 ದಿನ ಹುಬ್ಬಳ್ಳಿಗೆ ಹೋಗಿ ಬರುವವರ ಕಾರು 21 ಸಾವಿರ ಕಿ.ಮೀ. ಓಡುತ್ತದೆ. 6 ವರ್ಷಕ್ಕೆ 1.26 ಲಕ್ಷ. ಇವರಿಗೂ ಪೂರ್ತಿ ಸಿಗುತ್ತದೆ.

• ಅಣ್ಣಿಗೇರಿ, ನರಗುಂದ, ಹಳ್ಳಿ ಹಳ್ಳಿ ಸುತ್ತುತ್ತ ದಿನಕ್ಕೆ 150 ಕಿ.ಮೀ. ಓಡಿಸುವ ಏಜೆನ್ಸಿಯವರದು ಬೇರೆ ಕಥೆ. ವರ್ಷಕ್ಕೆ 45 ಸಾವಿರ ಕಿ.ಮೀ. ಆಗುತ್ತದೆ. ಮೂಲ ವಾರಂಟಿ ಎರಡು ವರ್ಷ ಮೂರು ತಿಂಗಳೊಳಗೇ ಮುಗಿಯುತ್ತದೆ. ‘6 ವರ್ಷ’ದ ಪ್ಯಾಕೇಜ್ ಮೂರೂವರೆ ವರ್ಷಕ್ಕೆ ತೀರುತ್ತದೆ. ಅಂದರೆ ಹೆಚ್ಚುವರಿ ಮೂರು ವರ್ಷಕ್ಕೆ ಅಂತ ಕಟ್ಟಿದ ರೊಕ್ಕಕ್ಕೆ ಸಿಕ್ಕಿದ್ದು ಸುಮಾರು ಒಂದು ವರ್ಷ ನಾಲ್ಕು ತಿಂಗಳು.

ಹಳದಿ ಬೋರ್ಡ್ ವಾಹನಗಳಿಗೆ ನಿಯಮ ಬೇರೆ ಇರುತ್ತದೆ. ಅದನ್ನು ಪ್ರತ್ಯೇಕವಾಗಿ ಕೇಳಬೇಕು.

ಏನೇನು ಬರೋದಿಲ್ಲ?

ಟೈರ್, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಫಿಲ್ಟರ್‌ನಂತಹ ಸವೆಯುವ ಭಾಗಗಳು ಸಾಮಾನ್ಯವಾಗಿ ಎಕ್ಸ್‌ಟೆಂಡೆಡ್ ವಾರಂಟಿಯಿಂದ ಹೊರಗೆ. ಕಾಳಿನ ಗೋದಾಮಿನ ಪಕ್ಕ ನಿಲ್ಲಿಸಿದ ಕಾರಿನ ವೈರ್ ಇಲಿ ಕಡಿದರೂ ವಾರಂಟಿ ಸಿಗುವುದಿಲ್ಲ. ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದ್ದರೆ, ಮ್ಯೂಸಿಕ್ ಸಿಸ್ಟಮ್ಮಿಗೆ ಅಂತ ವೈರ್ ಕತ್ತರಿಸಿ ಜೋಡಿಸಿದ್ದರೆ ಅದರಿಂದಾದ ತೊಂದರೆಗೆ ಕಂಪನಿ ಹೊಣೆ ಹೊರುವುದಿಲ್ಲ.

ಈ ಭಾಗದವರು ಗಮನಿಸಬೇಕಾದ ಇನ್ನೊಂದು ವಿಷಯ ನೀರು. ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದಾಗ ನೀರಿನಲ್ಲಿ ಕಾರು ದಾಟಿಸಲು ಹೋಗಿ ಎಂಜಿನ್‌ಗೆ ನೀರು ನುಗ್ಗಿದರೆ ಅದು ತಯಾರಿಕೆಯ ದೋಷವಲ್ಲ. ಎಷ್ಟೇ ವರ್ಷದ ವಾರಂಟಿ ಇದ್ದರೂ ಉಪಯೋಗವಿಲ್ಲ. ಸಾಮಾನ್ಯ ವಿಮೆಯಲ್ಲೂ ಇಂಥ ಎಂಜಿನ್ ಹಾನಿಗೆ ಹಣ ಸಿಗುವುದು ಕಷ್ಟ. ಅದಕ್ಕೆ ವಿಮೆಯ ಜೊತೆ ‘ಎಂಜಿನ್ ಪ್ರೊಟೆಕ್ಟ್’ ಆಡ್-ಆನ್ ಬೇಕು. ನೀರು ಹೊಕ್ಕ ಕಾರನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡದೆ ಟೋ ಮಾಡಿಸುವುದೇ ಶಾಣ್ಯಾತನ.

ಸರ್ವೀಸ್ ತಪ್ಪಿದರೆ?

ಹುಬ್ಬಳ್ಳಿಗೆ ಹೋಗಲು ಹೊತ್ತಿಲ್ಲ ಅಂತ ಊರ ಗ್ಯಾರೇಜಿನಲ್ಲೇ ಆಯಿಲ್ ಬದಲಿಸುವುದು ರೂಢಿ. ಕೆಲಸ ಚೊಲೋ ಆಗಿರಬಹುದು, ಖರ್ಚೂ ಕಡಿಮೆ. ಆದರೆ ಕಂಪನಿಯ ದಾಖಲೆಯಲ್ಲಿ ಆ ಸರ್ವೀಸ್ ಕಾಣುವುದಿಲ್ಲ. ಮುಂದೆ ಎಂಜಿನ್ ಕೆಟ್ಟಾಗ ಕ್ಲೇಮ್ ತಿರಸ್ಕರಿಸಲು ಇದೇ ಮೊದಲ ಕಾರಣವಾಗುತ್ತದೆ. ಅಧಿಕೃತ ಸೆಂಟರಿನಲ್ಲಿ ಸಕಾಲಕ್ಕೆ ಸರ್ವೀಸ್ ಮಾಡಿಸುವ ಮನಸ್ಸಿಲ್ಲದಿದ್ದರೆ ಎಕ್ಸ್‌ಟೆಂಡೆಡ್ ವಾರಂಟಿಗೆ ಹಣ ಹಾಕದಿರುವುದೇ ಲೇಸು.

ಯಾರು ಕೊಡುವ ವಾರಂಟಿ?

ಕಾರು ಕಂಪನಿಯದೋ, ಬೇರೆ ಸಂಸ್ಥೆಯದೋ ನೋಡಬೇಕು. ಕಂಪನಿಯದಾದರೆ ಸಾಮಾನ್ಯವಾಗಿ ದೇಶದ ಯಾವ ಅಧಿಕೃತ ಸೆಂಟರಿನಲ್ಲಾದರೂ ನಡೆಯುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ವಾರಂಟಿ ಬಾಕಿ ಇದೆಯೇ, ಹೆಸರಿಗೆ ವರ್ಗಾವಣೆ ಆಗುತ್ತದೆಯೇ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳಬೇಕು.

ಕ್ಲೇಮ್ ತಿರಸ್ಕಾರವಾದರೆ

‘ಬರಲ್ಲ’ ಅಂತ ಬಾಯಿಮಾತಲ್ಲಿ ಹೇಳಿದರೆ ಸುಮ್ಮನೆ ಬರಬಾರದು. ಕಾರಣವನ್ನು ಲಿಖಿತವಾಗಿ, ಜಾಬ್ ಕಾರ್ಡ್ ಸಮೇತ ಪಡೆಯಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ದೂರು ಹೇಳಬಹುದು. ಅಲ್ಲಿ ಬಗೆಹರಿಯದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕಾರು ಎಲ್ಲೇ ಕೊಂಡಿದ್ದರೂ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ತೊಂದರೆ ಆದ 2 ವರ್ಷದೊಳಗೆ ಕೊಡಬೇಕು. ವಕೀಲರು ಕಡ್ಡಾಯವಲ್ಲ. ಜೀವನೋಪಾಯದ ಸ್ವಂತ ಉದ್ಯೋಗಕ್ಕೆ ಕಾರು ಕೊಂಡವರೂ ಕಾಯ್ದೆಯ ಪ್ರಕಾರ ಗ್ರಾಹಕರೇ.

ಅಲ್ಲಿ ನಿಲ್ಲುವುದು ಕಾಗದ ಮಾತ್ರ. ಹಾಗಾಗಿ ವಾರಂಟಿ ಸರ್ಟಿಫಿಕೇಟ್, ಅದರ ರಸೀದಿ, ಪ್ರತಿ ಸರ್ವೀಸಿನ ಬಿಲ್ ಒಂದೇ ಫೈಲಿನಲ್ಲಿರಲಿ. ಸಹಿ ಹಾಕುವ ಮೊದಲು ‘ಏನು ಬರೋದಿಲ್ಲ’ ಎಂಬ ಪಟ್ಟಿಯನ್ನು ಶೋರೂಮಿನಲ್ಲೇ ಕೇಳಿ ಪಡೆದು, ಮನೆಗೆ ತಂದು ಓದಿದರೆ ಮುಂದಿನ ಜಗಳ ಅರ್ಧ ತಪ್ಪುತ್ತದೆ.